ಮುಕ್ಕಾಲು ಟಿಕೆಟ್ಟಿನ ಮಿಷನರಿ

ಸರ್ಕಾರಿ ಬಸ್ಸಿನಲ್ಲಿ ನಮ್ಮ ಯಜಮಾನರ ಬೆಲೆ ಮುಕ್ಕಾಲು, ನನ್ನ ಬೆಲೆ ಸೊನ್ನೆ. ಅವರು ಹಿರಿಯ ನಾಗರಿಕರು, ಟಿಕೆಟ್ಟಿನಲ್ಲಿ ಶೇಕಡಾ 25 ರಿಯಾಯಿತಿ. ನಾನೂ ಹಿರಿಯಳೇ. ಆದರೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ನನ್ನ ವಯಸ್ಸನ್ನು ಯಾರೂ ಕೇಳುವುದಿಲ್ಲ, ಹೆಂಗಸಾಗಿದ್ದರೆ ಸಾಕು. ಕಂಡಕ್ಟರು ಆಧಾರ್ ಕಾರ್ಡಿನ ಫೋಟೋ ನೋಡಿ, ನನ್ನ ಮುಖ ನೋಡಿ, ಅರ್ಧ ಅನುಮಾನದಲ್ಲೇ ಶೂನ್ಯ ಟಿಕೆಟ್ ಹರಿದು ಕೊಟ್ಟು, "ಯಜಮಾನ್ರದ್ದು?" ಅನ್ನುತ್ತಾರೆ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ರಿಟೈರ್ ಆದ ಇವರು ಮುಕ್ಕಾಲಿನ ಲೆಕ್ಕವನ್ನು ಟಿಕೆಟ್ ಯಂತ್ರಕ್ಕಿಂತ ಮೊದಲೇ ಹೇಳಿ, ಚಿಲ್ಲರೆ ಎಣಿಸಿ ಕೊಟ್ಟು, ಕಿಟಕಿಯ ಕಡೆ ತಿರುಗಿಬಿಡುತ್ತಾರೆ. ದೇವರ ಮುಂದೆ ಗಂಡು ಹೆಣ್ಣು ಸಮಾನರು ಎಂದು ಪ್ರಸಂಗದಲ್ಲಿ ಅವರು ಒತ್ತಿ ಒತ್ತಿ ಹೇಳತೊಡಗಿದ್ದು ಆ ಜೂನ್ ತಿಂಗಳಿಂದ ಈಚೆಗೆ.

ಮದ್ದೂರು, ಮಳವಳ್ಳಿ ಕಡೆ ಹಳ್ಳಿಗಳಲ್ಲಿ ನಮ್ಮನ್ನು "ಮಿಷನ್ನೋರು" ಅನ್ನುತ್ತಾರೆ. ನಾವು ಯಾವ ಮಿಷನ್ನಿನವರೂ ಅಲ್ಲ. ನಮ್ಮದು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ್ದು, ಸ್ವತಂತ್ರ ಭಾರತಕ್ಕಿಂತ ಒಂದೂವರೆ ತಿಂಗಳು ಚಿಕ್ಕದು. ಅದಕ್ಕೂ ಮೊದಲು ಇದ್ದ ಇಂಗ್ಲಿಷ್ ದೊರೆಗಳ ಬಂಗಲೆ, ಕುದುರೆಗಾಡಿ, ಬಟ್ಲರ್ ಎಲ್ಲವೂ ಅವರ ಕಾಲಕ್ಕೇ ಮುಗಿದವು. ಹೆಸರು ಮಾತ್ರ ನಮ್ಮ ಪಾಲಿಗೆ ಬಂತು. ಇಲ್ಲಿ ಸಭಾಪಾಲಕರು ಒಬ್ಬರು, ಸಭೆಗಳು ಹಲವು. ಹಾಗಾಗಿ ಇವರು ರಿಟೈರ್ ಆದ ಸುದ್ದಿ ಕೇಳಿ ಅಯ್ಯನವರು ಮನೆಗೆ ಬಂದು, ಕಾಫಿ ಕುಡಿದು, "ಮೇಷ್ಟ್ರೇ, ಮನೇಲಿ ಸುಮ್ನೆ ಕೂತು ಏನ್ಮಾಡ್ತೀರಿ?" ಎಂದರು. ರಿಟೈರ್ ಆದವರನ್ನು ಹೀಗೆ ಕೇಳುವವರೆಲ್ಲ ಒಂದು ಕೆಲಸವನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ಇವರಿಗೆ ಸಿಕ್ಕಿದ್ದು ಹಳ್ಳಿ ಸಭೆಗಳಲ್ಲಿ ಪ್ರಸಂಗ ಮಾಡುವ ಕೆಲಸ. ಸಂಬಳವಿಲ್ಲ, ಬಸ್ ಚಾರ್ಜು ನಮ್ಮದೇ. ಅಂದರೆ ಅವರದೇ.

ನನ್ನನ್ನು ಯಾರೂ ಕರೆಯಲಿಲ್ಲ. ಮಿಷನರಿಯ ಹೆಂಡತಿಯನ್ನು ಬೇರೆಯಾಗಿ ಕರೆಯುವ ಪದ್ಧತಿ ಇಲ್ಲ. ಟಿಫನ್ ಕ್ಯಾರಿಯರ್ ಜೊತೆ ಅವಳೂ ಬರುತ್ತಾಳೆ ಎಂದು ಎಲ್ಲರೂ ತಿಳಿದಿರುತ್ತಾರೆ. ನಾನು ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. 1906ರಲ್ಲಿ ಮೇರಿ ಹೋಲ್ಡ್ಸ್‌ವರ್ತ್ ಎಂಬ ಹೆಣ್ಣುಮಗಳ ನೆನಪಿಗೆ ಶುರುವಾದ ಆಸ್ಪತ್ರೆ ಅದು. ಹಾಗಾಗಿ ನನ್ನ ಚೀಲದಲ್ಲಿ ಸತ್ಯವೇದದ ಪಕ್ಕದಲ್ಲಿ ಬಿಪಿ ನೋಡುವ ಯಂತ್ರ, ಸಕ್ಕರೆ ನೋಡುವ ಪಟ್ಟಿ, ಹತ್ತಿ, ಸ್ಪಿರಿಟ್ಟು. ಅವರು ಆತ್ಮ ನೋಡುತ್ತಾರೆ, ನಾನು ಉಳಿದದ್ದನ್ನು ನೋಡುತ್ತೇನೆ. ಇನ್ನು, ನಾವು ಯಾರನ್ನೂ ಎಲ್ಲಿಗೂ ಸೇರಿಸಲು ಹೋಗುವವರಲ್ಲ. ಈಗಾಗಲೇ ಸೇರಿದವರನ್ನು ಭಾನುವಾರ ಬೆಳಿಗ್ಗೆ ಒಂದು ಗಂಟೆ ಒಂದು ಕಡೆ ಕೂರಿಸುವುದೇ ಸಾಕುಬೇಕಾಗುತ್ತದೆ.

ಮಿಕ್ಕವರಿಗೆ ವಾರ ಸೋಮವಾರ ಶುರುವಾದರೆ ನಮಗೆ ಭಾನುವಾರ. ಈ ಸಲ ಸಂಕ್ರಾಂತಿಯ ವಾರ, ಕೆ.ಎಂ. ದೊಡ್ಡಿ ಕಡೆಯ ಒಂದು ಹಳ್ಳಿಯಲ್ಲಿ ಸಭೆಯ ಸುಗ್ಗಿ ಹಬ್ಬ. ಮಂಡ್ಯದಿಂದ ಮದ್ದೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಾಯಿಸಬೇಕು. ಮನೆಯಲ್ಲಿ ಒಂದು ಹಳೆಯ ಸ್ಕೂಟರೂ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಪ್ರಧಾನಿ ಬಂದು ಉದ್ಘಾಟಿಸಿದ್ದು ನಮ್ಮ ಗೆಜ್ಜಲಗೆರೆಯಲ್ಲೇ, 2023ರ ಮಾರ್ಚ್ 12ರಂದು. ಅದೇ ವರ್ಷ ಆಗಸ್ಟ್ 1ರಿಂದ ದ್ವಿಚಕ್ರ, ಆಟೋ, ಟ್ರ್ಯಾಕ್ಟರ್ ಯಾವುದೂ ಅದರ ಮುಖ್ಯ ರಸ್ತೆ ಹತ್ತಬಾರದು ಎಂದಾಯಿತು. ಮೇಷ್ಟ್ರ ಸ್ಕೂಟರು ಟ್ರ್ಯಾಕ್ಟರಿನ ಪಂಕ್ತಿಗೆ ಬಂತು. ಅವರಿಗೇನೂ ಬೇಸರವಿಲ್ಲ. ಆರು ಪಥದಲ್ಲಿ ಸುಂಯ್ ಅಂತ ಮದ್ದೂರನ್ನು ದಾಟಿ ಹೋಗುವ ಕಾರುಗಳನ್ನು ಹಳೇ ರಸ್ತೆಯಿಂದ ನೋಡಿ, "ಪಾಪ, ಒಂದು ವಡೇನೂ ತಿನ್ನದೆ ಹೋಗ್ತಾ ಅವ್ರಲ್ಲೇ, ಇವರಿಗೋಸ್ಕರ ಪ್ರಾರ್ಥನೆ ಮಾಡ್ಬೇಕು" ಅನ್ನುತ್ತಾರೆ. ರಾಮಚಂದ್ರ ಬುದ್ಯ ಅವರು 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ಶುರು ಮಾಡಿದ ವಡೆ ಅದು. ನೂರು ವರ್ಷ ಜನ ಕಡಿಮೆಯಾಗದೆ ನಡೆದ ಸಭೆ ಎಂದರೆ ಜಿಲ್ಲೆಯಲ್ಲಿ ಅದೊಂದೇ. ಬಸ್ಸು ಬದಲಾಯಿಸುವ ನೆಪದಲ್ಲಿ ನಾವೂ ಅದರ ಖಾಯಂ ಸದಸ್ಯರು.

ಸುಗ್ಗಿ ಹಬ್ಬವಲ್ಲವೇ, ಮೇಷ್ಟ್ರು ಬಿತ್ತುವವನ ಸಾಮ್ಯ ಹಿಡಿದಿದ್ದರು. ಬಿತ್ತುವವನು ಬಿತ್ತಲು ಹೊರಟ. ಕೆಲವು ಬೀಜ ದಾರಿಯಲ್ಲಿ ಬಿತ್ತು, ಹಕ್ಕಿ ತಿಂದಿತು. ಕೆಲವು ಬಂಡೆಯ ಮೇಲೆ, ಕೆಲವು ಮುಳ್ಳಿನಲ್ಲಿ. ಒಳ್ಳೆ ನೆಲದಲ್ಲಿ ಬಿದ್ದದ್ದು ನೂರರಷ್ಟು ಕೊಟ್ಟಿತು. ಇಷ್ಟು ಹೇಳಿ ನೀರು ಕುಡಿಯಲು ಲೋಟ ಎತ್ತಿದರು. ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ಪ್ರಸಂಗದ ಮಧ್ಯೆ ಕೈ ಎತ್ತುವ ಕ್ರಮ ಯಾವ ಪ್ರಾರ್ಥನಾ ಪುಸ್ತಕದಲ್ಲೂ ಇಲ್ಲ. ಮಂಡ್ಯ ಜಿಲ್ಲೆಯಲ್ಲಿ ಇದೆ.

"ಸಾ, ಒಂದ್ ಮಾತು. ಆ ಬಿತ್ತೋನು ಯಾವೂರೋನು?"

"ಅದು ಕಥೆ ಅಜ್ಜ."

"ಕಥೆಯೇ ಆಗ್ಲಿ. ದಾರೀಲಿ ವಸಿ, ಬಂಡೆ ಮ್ಯಾಲೆ ವಸಿ, ಮುಳ್ಳೊಳಗೆ ವಸಿ ಅಂತ ಚೆಲ್ಲಾಡ್ಕಂಡ್ ಓಗವ್ನಲ್ಲ, ಬೀಜದ ರೇಟ್ ಗೊತ್ತಾ ಅವನ್ಗೆ? ನಮ್ಮಪ್ಪ ಆಗಿದ್ರೆ ಬಾರ್ಕೋಲ್ ತಕ್ಕಂಡಿರೋನು."

ಸಭೆ ತಲೆಯಾಡಿಸಿತು. ಮೇಷ್ಟ್ರು ಲೋಟ ಇಟ್ಟು, ಬೀಜ ಎಂದರೆ ದೇವರ ವಾಕ್ಯ, ಬಿತ್ತುವವನು ದೇವರೇ ಎಂದು ಬಿಡಿಸಿ ಹೇಳಿದರು.

"ದೇವ್ರಾ? ಅಂಗಾರೆ ಸರಿ ಬುಡಿ. ಅವನ್ಗೇನು ಕಾಸಿನ ಬರ."

ಅಷ್ಟಕ್ಕೆ ಮುಗಿಯಿತು ಎಂದುಕೊಂಡರೆ ಹೆಂಗಸರ ಕಡೆಯಿಂದ ಇನ್ನೊಂದು ಬಂತು. ಒಂದಕ್ಕೆ ನೂರು ಬಂದದ್ದು ಯಾವ ಬೆಳೆ? ಭತ್ತವಾ, ರಾಗಿಯಾ? ಗೋಧಿ ಇರಬಹುದು ಎಂದರು ಇವರು. ಗೋಧಿಯನ್ನು ರೇಷನ್ ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಸಭೆಗೆ ಅದು ಒಪ್ಪಿಗೆಯಾಗಲಿಲ್ಲ. ರಾಗಿಯೇ ಎಂದು ತೀರ್ಮಾನವಾಯಿತು. ಆಮೇಲೆ ತಳಿ ಯಾವುದು ಎಂಬ ಚರ್ಚೆ. "ಇಂಡಾಫೇ ಇರ್ಬೇಕು ಕನ್ ಸಾ, ನಮ್ ಲಕ್ಷ್ಮಣಯ್ಯನೋರ್ದು" ಎಂದರು ಬಾಗಿಲ ಬಳಿ ನಿಂತಿದ್ದವರು. ಯೇಸುಸ್ವಾಮಿಯ ಕಾಲದಲ್ಲಿ ಇಂಡಾಫ್ ಇರಲಿಲ್ಲ ಎಂದು ಹೇಳಲು ಮೇಷ್ಟ್ರು ಬಾಯಿ ತೆರೆದವರು, ನಾನು ಕಣ್ಣು ಮಾಡಿದ್ದು ನೋಡಿ ಮುಚ್ಚಿಕೊಂಡರು. ಇಷ್ಟು ಜನ ಇಷ್ಟು ಹೊತ್ತು ಒಂದು ಸಾಮ್ಯದ ಬಗ್ಗೆ ಯೋಚನೆ ಮಾಡಿದ್ದೇ ದೊಡ್ಡದು. ಪ್ರಸಂಗಕ್ಕೆ ಎಂದು ಬರೆದುಕೊಂಡಿದ್ದ ಉಳಿದ ಅಂಶಗಳು ಅವರ ಜೇಬಿನಲ್ಲೇ ಉಳಿದವು.

ಹೊರಗಿನವರಿಗೆ ಹೇಳಬೇಕು. ಲಕ್ಷ್ಮಣಯ್ಯನವರು ಎಂದರೆ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಕೂತು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿದ ವಿಜ್ಞಾನಿ. ಇಂಡಿಯಾದ ಮೊದಲ ಅಕ್ಷರಗಳು, ಆಫ್ರಿಕಾದ ಮೊದಲ ಅಕ್ಷರಗಳು ಸೇರಿ ಇಂಡಾಫ್. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಹೊಟ್ಟೆಗೆ ಹಿಟ್ಟು ಕೊಟ್ಟವರ ಹೆಸರನ್ನು ಈ ಜಿಲ್ಲೆ ದೇವರ ಕಥೆಯೊಳಕ್ಕೂ ಸೇರಿಸುತ್ತದೆ.

ಪ್ರಸಂಗ ಆದ ಮೇಲೆ ಹರಾಜು. ಸುಗ್ಗಿ ಹಬ್ಬಕ್ಕೆ ಮನೆಮನೆಯವರು ತಂದ ಮೊದಲ ಬೆಳೆಯನ್ನು ಸವಾಲು ಕೂಗಿ, ಬಂದ ದುಡ್ಡು ದೇವಾಲಯದ ಸುಣ್ಣಬಣ್ಣಕ್ಕೆ. ಕಬ್ಬಿನ ಜಲ್ಲೆ, ಅಚ್ಚುಬೆಲ್ಲ, ಸುವರ್ಣಗೆಡ್ಡೆ, ಅವರೆಕಾಯಿ, ಎಳನೀರಿನ ಗೊನೆ, ಕೊನೆಗೆ ಕಾಲು ಕಟ್ಟಿದ ಒಂದು ನಾಟಿ ಕೋಳಿ. ಅತಿಥಿ ಬೋಧಕರು ಮೊದಲ ಸವಾಲು ಕೂಗಿ ಹುರುಪು ತುಂಬಬೇಕು ಎಂಬುದು ಮರ್ಯಾದೆ. ಮೇಷ್ಟ್ರು ಧಾರಾಳವಾಗಿ ಕೂಗಿದರು. ಮೇಷ್ಟ್ರ ಮೇಲೆ ಸವಾಲು ಏರಿಸಬಾರದು ಎಂಬುದು ಸಭೆಯ ಮರ್ಯಾದೆ. ಒಂದು ಸಲ, ಎರಡು ಸಲ, ಮೂರು ಸಲ. ಎರಡು ಮರ್ಯಾದೆಗಳ ನಡುವೆ ಸಿಕ್ಕಿ ಕೋಳಿ ನಮ್ಮದಾಯಿತು.

ಬಸ್ಸಿನಲ್ಲಿ ಕೋಳಿಗೆ ಅರ್ಧ ಟಿಕೆಟ್. ನಗಬೇಡಿ, ನಿಯಮವೇ ಹಾಗಿದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಒಬ್ಬ ಅಜ್ಜಿಗೂ ಮೊಮ್ಮಗಳಿಗೂ ಶೂನ್ಯ ಟಿಕೆಟ್ ಕೊಟ್ಟು, ಅವರ ಜೊತೆಗಿದ್ದ ನಾಲ್ಕು ಪುಟ್ಟ ಗಿಳಿಗಳಿಗೆ 444 ರೂಪಾಯಿ ಹರಿದದ್ದು ದೇಶವೆಲ್ಲ ಸುದ್ದಿಯಾಗಿತ್ತು. ಕೋಳಿಗೆ ಅರ್ಧ, ಯಜಮಾನರಿಗೆ ಮುಕ್ಕಾಲು, ನನಗೆ ಸೊನ್ನೆ. ಮೇಷ್ಟ್ರು ಕೂಡಿದರು: ಒಂದೂಕಾಲು. "ನಾನೊಬ್ಬನೇ ಪೂರ್ತಿ ಟಿಕೆಟ್ ತಗೊಂಡು ಬಂದಿದ್ರೂ ಇದಕ್ಕಿಂತ ಕಡಿಮೆ ಆಗ್ತಿತ್ತು" ಎಂದು ಅವರು ಗೊಣಗಿದ್ದನ್ನು ನಾನೂ ಕೋಳಿಯೂ ಕೇಳಿಸಿಕೊಳ್ಳಲಿಲ್ಲ.

ಸೋಮವಾರ ಮಲಗುವ ದಿನ. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಪ್ರಸಂಗ ಮಾಡಿದವರು ಮಲಗಿದರು, ಅವರ ಬಿಳಿ ಅಂಗಿ ಒಗೆದವಳು ಮಲಗಲಿಲ್ಲ.

ಮಂಗಳವಾರ ಮಳವಳ್ಳಿ ಕಡೆ ಮನೆ ಭೇಟಿ. ಮನೆ ಭೇಟಿ ಎಂದರೆ ವಯಸ್ಸಾದವರು, ಕಾಯಿಲೆಯವರು, ದೇವಾಲಯಕ್ಕೆ ಬರಲಾಗದವರು ಇರುವ ಮನೆಗಳಿಗೆ ಹೋಗಿ ಸ್ವಲ್ಪ ಹೊತ್ತು ಕೂತು, ಒಂದು ಕೀರ್ತನೆ ಓದಿ, ಪ್ರಾರ್ಥನೆ ಮಾಡಿ ಬರುವುದು. ಪುಸ್ತಕದಲ್ಲಿ ಹೀಗಿದೆ. ನಡೆಯುವುದು ಹೀಗೆ: ಹೋದ ಕೂಡಲೇ ಚೇರಿನ ಮೇಲಿನ ಬಟ್ಟೆ ಎತ್ತಿ ಕೂರಿಸುತ್ತಾರೆ. ನೀರು, ಆಮೇಲೆ ಕಾಫಿ. ಬೇಡ ಅಂದರೆ ಮನೆಯವರ ಮುಖ ಬಾಡುತ್ತದೆ. ನಾನು ಮೊದಲೇ "ನಮಗಿಬ್ಬರಿಗೂ ಸಕ್ಕರೆ ಹಾಕ್ಬೇಡಿ" ಎಂದು ಒಳಕ್ಕೆ ಕೂಗಿ ಹೇಳುತ್ತೇನೆ. ಒಳಗಿನಿಂದ "ಆಯ್ತು ಕನವ್ವ" ಎಂದು ಉತ್ತರ ಬರುತ್ತದೆ. ಬಂದ ಕಾಫಿ ಪಾನಕ.

"ಸಕ್ಕರೆ ಬೇಡ ಅಂದಿದ್ನಲ್ಲಾ ಅವ್ವ?"

"ಒಂದ್ ಕಾಳ್ ಸಕ್ಕರೆ ಆಕಿಲ್ಲ ನರ್ಸಮ್ಮ. ಬೆಲ್ಲ ಆಕಿವ್ನಿ. ನಮ್ಮ ಆಲೆಮನೇದು."

ಈ ಅಜ್ಜಿಯ ಬೆರಳು ಚುಚ್ಚಿ ನೋಡಿದರೆ ಯಂತ್ರದಲ್ಲಿ ಮುನ್ನೂರರ ಮೇಲೆ. ಬೆಲ್ಲವೂ ಸಕ್ಕರೆಯೇ, ಕಬ್ಬಿನಿಂದ ಬಂದದ್ದೇ ಎಂದೆ. ಅಜ್ಜಿ ನನ್ನನ್ನು ಮರುಕದಿಂದ ನೋಡಿದಳು. ಕಾರ್ಖಾನೆಯವರು ಏನೇನೋ ಪೌಡರ್ ಹಾಕಿ ಬಿಳಿ ಮಾಡಿದ್ದರಿಂದ ಕಾಯಿಲೆ ಬರುತ್ತದೆ, ಬೆಲ್ಲ ನೆಲದ್ದು, ಅದರಿಂದ ಎಂದಾದರೂ ಬಂದೀತೇ? ಹಾಗಾದರೆ ಯಂತ್ರ ಮುನ್ನೂರು ತೋರಿಸಿದ್ದೇಕೆ? "ಅದು ನಿನ್ ಮಿಷನ್ನು ಕೆಟ್ಟೋಗದೆ. ರಿಪೇರಿ ಮಾಡ್ಸು." ಅಷ್ಟು ಹೇಳಿ, ಸಂಕ್ರಾಂತಿ ಅಲ್ಲವೇ ಎಂದು ಸಕ್ಕರೆ ಅಚ್ಚು, ಎಳ್ಳು ಬೆಲ್ಲ ತಟ್ಟೆಯಲ್ಲಿ ತಂದಿಟ್ಟಳು. ಅಚ್ಚಿನಲ್ಲಿ ಒಂದು ಆನೆ, ಒಂದು ನವಿಲು, ಒಂದು ತೇರು. ಮೇಷ್ಟ್ರು ನನ್ನ ಕಡೆ ನೋಡದೆ ಆನೆಯನ್ನು ಬಾಯಿಗೆ ಹಾಕಿಕೊಂಡರು. ಇಷ್ಟು ವರ್ಷದಲ್ಲಿ ಕುಡಿತ ಬಿಟ್ಟವರನ್ನು ನೋಡಿದ್ದೇನೆ, ಇಸ್ಪೀಟು ಬಿಟ್ಟವರನ್ನು ನೋಡಿದ್ದೇನೆ, ಅಣ್ಣತಮ್ಮಂದಿರ ಮೇಲಿನ ಕೇಸು ವಾಪಸ್ ತೆಗೆದುಕೊಂಡವರನ್ನೂ ಒಂದೆರಡು ಕಂಡಿದ್ದೇನೆ. ಸಕ್ಕರೆ ಬಿಟ್ಟವರನ್ನು ಕಾಣೆ.

ಬಿಡುವುದಾದರೂ ಹೇಗೆ? ಇಲ್ಲಿ ಯಶಸ್ವಿಯಾದ ಮಿಷನ್ ಎಂದರೆ ಸಕ್ಕರೆಯದೇ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ದೊರೆ ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಸಿಂಪಡಿಸುವುದನ್ನು ಕಲಿಸಿದವರು. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬೇಕೆಂದು ಬೆನ್ನು ಹತ್ತಿದವರಲ್ಲಿ ಅವರೂ ಒಬ್ಬರು. ಕನ್ನಂಬಾಡಿ ನೀರು ನಾಲೆಗೆ ಬಂತು, 1933ರಲ್ಲಿ ಮೈಷುಗರ್ ಕಂಪನಿ ಹುಟ್ಟಿತು, ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. ಒಂದು ಪ್ರಸಂಗ ಮಾಡದೆ ಇಡೀ ಸೀಮೆಯ ಬಾಳನ್ನೇ ಬದಲಾಯಿಸಿದರು. ಈಗ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ಭತ್ತದ ಹಳೇ ತಳಿಗಳನ್ನು ನೂರಾರು ಲೆಕ್ಕದಲ್ಲಿ ತಮ್ಮ ಜಮೀನಿನಲ್ಲಿ ಉಳಿಸಿಕೊಂಡಿದ್ದಾರೆ. ಅವರ ಗದ್ದೆಗೆ ಹೋದವರು ಹಿಡಿ ಬೀಜ ಸಿಕ್ಕರೆ ಸಾಕು ಎಂದು ಕೈ ಒಡ್ಡುತ್ತಾರೆ. ನಮ್ಮ ಮೇಷ್ಟ್ರ ಕರಪತ್ರಕ್ಕೆ ಯಾರೂ ಹಾಗೆ ಕೈ ಒಡ್ಡಿದ್ದನ್ನು ನಾನು ಕಂಡಿಲ್ಲ. ಕಂಡದ್ದು ಅದರಲ್ಲಿ ಕಡಲೆಬೀಜ ಕಟ್ಟಿದ್ದನ್ನು.

ಹಳೆಯ ಮಿಷನರಿಗಳ ಪೈಕಿ ನನಗೆ ಇಷ್ಟವಾದವರು ಅಬ್ಬೆ ದುಬೋಯಿ. ಫ್ರಾನ್ಸಿನಿಂದ ಬಂದ ಕ್ಯಾಥೊಲಿಕ್ ಪಾದ್ರಿ, ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಸಭೆಯನ್ನು ಮತ್ತೆ ಕಟ್ಟಿದವರು. ಜನ ದೊಡ್ಡ ಸ್ವಾಮಿಯವರು ಎನ್ನುತ್ತಿದ್ದರಂತೆ. ನಮ್ಮ ಜನರ ಆಚಾರ ವಿಚಾರದ ಬಗ್ಗೆ ಅವರು ಬರೆದ ದಪ್ಪ ಪುಸ್ತಕವನ್ನು ಮೇಷ್ಟ್ರು ಎತ್ತಿ ಆಡುತ್ತಾರೆ. ನರ್ಸ್ ಆದ ನನಗೆ ಕಾಣುವುದು ಬೇರೆ. 1803–04ರ ಸುಮಾರಿನಲ್ಲಿ, ಲಸಿಕೆ ಎಂಬುದೇ ಜಗತ್ತಿಗೆ ಹೊಸದಾಗಿದ್ದಾಗ, ಈ ಮನುಷ್ಯ ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು. ಮೂವತ್ತು ವರ್ಷ ದುಡಿದು 1823ರಲ್ಲಿ ವಾಪಸು ಹೋಗುವಾಗ, ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸ ಎಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು. ಜನ ಅವರ ಮಾತು ಕೇಳಲಿಲ್ಲ, ಸಿಡುಬು ಕೇಳಿತು. ನನ್ನ ಲೆಕ್ಕದಲ್ಲಿ ಅವರು ಪಾಸು.

ಅದೇ ದಿನ ಇನ್ನೊಂದು ಮನೆಯಲ್ಲಿ ಮೇಷ್ಟ್ರ ಕೈಯಿಂದ ಒಂದು ಪವಾಡವೂ ನಡೆಯಿತು. ಸೊಸೆಯ ಗೃಹಲಕ್ಷ್ಮಿ ದುಡ್ಡು ಬಂದು ತಿಂಗಳುಗಳಾಗಿವೆ, ಇ-ಕೆವೈಸಿ ಆಗಬೇಕು, ಓಟಿಪಿ ಬರುತ್ತಿಲ್ಲ. "ಪ್ರಾರ್ಥನೇಲಿ ಅದನ್ನೂ ವಸಿ ಸೇರಿಸ್ಕಳಿ ಸಾ" ಎಂದರು. ರೋಗಿಗಳು, ವಿಧವೆಯರು, ಪ್ರಯಾಣದಲ್ಲಿರುವವರು, ಸರ್ಕಾರ ನಡೆಸುವವರು ಎಲ್ಲರಿಗೂ ಪ್ರಾರ್ಥನೆಯ ಮಾದರಿ ಇದೆ, ಓಟಿಪಿಗೆ ಇಲ್ಲ. ಮೇಷ್ಟ್ರು ಕಣ್ಣು ಮುಚ್ಚಿ, "ಕರ್ತನೇ, ತಡವಾಗಿರುವುದನ್ನು ತಲುಪಿಸು" ಎಂದು ಗಂಭೀರವಾಗಿ ಅಂದರು. ಆಮೆನ್ ಅನ್ನುವ ಹೊತ್ತಿಗೆ ಫೋನ್ ಹಿಡಿದಿದ್ದ ಹುಡುಗ ಸಿಗ್ನಲ್ ಹುಡುಕುತ್ತ ಅಂಗಳಕ್ಕೆ ಇಳಿದಿದ್ದ. ಟಿಣ್ ಅಂತ ಬಂತು. ಅಷ್ಟೇ. ನಾವು ಮುಂದಿನ ಬೀದಿಗೆ ತಿರುಗುವುದರೊಳಗೆ ಆಧಾರ್ ಕಾರ್ಡು ಹಿಡಿದುಕೊಂಡು ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಯಾವ ಜಾತಿ, ಯಾವ ದೇವರು ಎಂಬ ಭೇದವಿಲ್ಲ. ಅಂಗಳಕ್ಕೆ ಬಂದರೆ ಸಿಗ್ನಲ್ ಸಿಗುತ್ತದೆ ಎಂದು ಮೇಷ್ಟ್ರು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. "ಅದು ನಿಮ್ ದೊಡ್ಡಗುಣ ಸಾ" ಎಂದರು.

ವಾರದ ಮಧ್ಯದಲ್ಲಿ ಸಂಕ್ರಾಂತಿ. ನಾಲೆಗೆ ಕಟ್ಟು ನೀರು ಬಿಟ್ಟದ್ದೂ ಅದೇ ದಿನವಾದ್ದರಿಂದ ಮದ್ದೂರು ಕಡೆಯ ಮನೆ ಕೂಟ ರದ್ದು. ನೀರಿನ ಸರದಿ ಬಂದ ರೈತನನ್ನು ಗದ್ದೆಯ ಬದುವಿನಿಂದ ಎಬ್ಬಿಸಲು ಯಾವ ಬೋಧಕರಿಂದಲೂ ಆಗುವುದಿಲ್ಲ, ನಾವು ಪ್ರಯತ್ನವನ್ನೂ ಮಾಡುವುದಿಲ್ಲ. ಅವರ ಭಕ್ತಿಯೂ ನೀರಿನ ಜೊತೆಗೇ ಏರಿ ಇಳಿಯುತ್ತದೆ. ಮಳೆಗಾಲದಲ್ಲಿ ಪ್ರಾರ್ಥನೆಗೆ ವಿಷಯ ಏನಾದರೂ ಇದೆಯೇ ಎಂದು ಕೇಳಿದರೆ ಒಬ್ಬರಲ್ಲ ಒಬ್ಬರು "ಕನ್ನಂಬಾಡಿ ತುಂಬ್ಲಿ ಅಂತ ಕೇಳ್ಕಳಿ" ಅನ್ನುತ್ತಾರೆ. ಬರೀ ತುಂಬಲಿ ಅಂದರೆ ಸಾಲದು, 124.80 ಅಡಿ ಎಂದು ಬಿಡಿಸಿ ಹೇಳಬೇಕು. ಒಮ್ಮೆ ಮೇಷ್ಟ್ರು ಅವಸರದಲ್ಲಿ 124 ಎಂದು ನಿಲ್ಲಿಸಿದಾಗ ಹಿಂದಿನಿಂದ ಯಾರೋ, ಕಣ್ಣು ಮುಚ್ಚಿಕೊಂಡೇ, "ಪಾಯಿಂಟ್ ಎಂಟು" ಎಂದು ಸೇರಿಸಿದರು.

ಆ ಸಂಜೆ ನಮ್ಮ ಬೀದಿಯ ಹೆಣ್ಣುಮಕ್ಕಳೆಲ್ಲ ರೇಷ್ಮೆ ಲಂಗ ಉಟ್ಟು ಎಳ್ಳು ಬೀರಲು ಬಂದರು. ಕ್ರಿಸ್‌ಮಸ್ಸಿಗೆ ನಮ್ಮ ರೋಸ್‌ಕುಕ್ಕು, ಕಜ್ಜಾಯ ಅವರ ಮನೆಗೆ ಹೋಗಿತ್ತು, ಅದರ ಬಡ್ಡಿಯೂ ಸೇರಿ ಬಂತು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂದರು. ಆಡಿದೆವು. ಹಬ್ಬದ ದಿನ ಮಕ್ಕಳ ಕೈಯಿಂದ ಕೊಟ್ಟದ್ದಕ್ಕೆ ಸಕ್ಕರೆ ಕಾಯಿಲೆಯ ಉಪನ್ಯಾಸ ಮಾಡುವಷ್ಟು ಕಟುಕಳಲ್ಲ ನಾನು.

ಮಾರನೇ ದಿನ ಕೊಕ್ಕರೆ ಬೆಳ್ಳೂರಿನ ಕಡೆ ಒಬ್ಬ ಹಳೇ ಪರಿಚಯದ ಅಜ್ಜಿ. ನಮ್ಮ ಸಭೆಯವರಲ್ಲ. ನಾನು ಮೈಸೂರಿನಲ್ಲಿದ್ದಾಗ ವಾರ್ಡಿನಲ್ಲಿದ್ದವರು, ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಮದ್ದೂರು ತಾಲ್ಲೂಕಿನ ಈ ಊರಿಗೆ ಚಳಿಗಾಲ ಬಂದರೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಬಂದು ಹುಣಸೇಮರಗಳ ಮೇಲೆ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರ ಲೆಕ್ಕ. ಯಾರೂ ಕಲ್ಲೆಸೆಯುವುದಿಲ್ಲ, ಮರ ಕಡಿಯುವುದಿಲ್ಲ. ಅಜ್ಜಿಯ ಸ್ವಂತ ಮಗಳು ಬೆಂಗಳೂರಿನಲ್ಲಿ. "ಅವ್ಳು ಬರೋಕೆ ಪುರ್ಸೊತ್ತಿಲ್ಲ ಕನವ್ವ. ಇವು ಯಾವ ದೇಸದಿಂದ್ಲೋ ಬತ್ತವೆ, ಒಂದ್ ವರ್ಸ ತಪ್ಸಾಕಿಲ್ಲ" ಎಂದು ಮರದ ಕಡೆ ಗಲ್ಲ ತೋರಿಸಿದರು. ಅಂಗಳದಲ್ಲೇ ಚಾಪೆ ಹಾಸಿ ಕೂತೆವು. "ಮೇಷ್ಟ್ರು ಬಂದವ್ರೆ, ಏನಾರ ಒಳ್ಳೇದು ಹೇಳ್ಲಿ" ಎಂದು ಅಜ್ಜಿ ಕೈ ಮುಗಿದರು. ಮೇಷ್ಟ್ರು ಎದ್ದು ನಿಂತು, ಕೈ ಚಾಚಿ, ಆಶೀರ್ವಾದದ ಮೊದಲ ಮಾತು ಆಡುತ್ತಿದ್ದ ಹಾಗೇ ಮೇಲಿನಿಂದ ಸೋಮವಾರ ಒಗೆದ ಬಿಳಿ ಅಂಗಿಯ ಮೇಲೆ ಹೆಗಲಿಂದ ಜೇಬಿನವರೆಗೂ ಬಿತ್ತು. ಮೀನು ತಿನ್ನುವ ಹಕ್ಕಿ, ವಾಸನೆ ಹೇಳುವಂತಿಲ್ಲ. ಅಜ್ಜಿ ಮಾತ್ರ ಗಾಬರಿಯಾಗಲಿಲ್ಲ. "ಒಳ್ಳೇ ಸಕುನ ಬುಡಿ ಸಾ" ಎಂದರು. ಆ ದಿನ ವಾಪಸು ಬರುವಾಗ ಅಷ್ಟು ರಶ್ ಇದ್ದ ಬಸ್ಸಿನಲ್ಲೂ ಮೇಷ್ಟ್ರ ಪಕ್ಕದ ಸೀಟು ಖಾಲಿಯೇ ಇತ್ತು.

ಶುಕ್ರವಾರ ಉಪವಾಸ ಪ್ರಾರ್ಥನೆ. ಮಂಡ್ಯ ಜಿಲ್ಲೆಯಲ್ಲಿ ಉಪವಾಸ ಸಾರುವುದು ಎಂಥ ಧೈರ್ಯ ಎಂದು ತಿಳಿಯಬೇಕಾದರೆ 2024ರ ಡಿಸೆಂಬರ್ ನೆನಪಿಸಿಕೊಳ್ಳಿ. ಇಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಗೋಷ್ಠಿಗಳಿಗಿಂತ ದೊಡ್ಡ ಚರ್ಚೆಯಾದದ್ದು ಬಾಡೂಟ ಹಾಕಬೇಕೋ ಬೇಡವೋ ಎಂಬುದು. ಅಂಥ ನೆಲದಲ್ಲಿ ಮಧ್ಯಾಹ್ನದವರೆಗೆ ಹೊಟ್ಟೆ ಕಟ್ಟಿ ಕೂರುವ ಹತ್ತಾರು ಜನ ಇದ್ದಾರೆಂದರೆ ಅವರ ವಿಶ್ವಾಸವನ್ನು ಮೆಚ್ಚಲೇಬೇಕು. ಎರಡು ಗಂಟೆಗೆ ಉಪವಾಸ ಮುರಿದದ್ದು ಮುದ್ದೆ, ಅವರೆಕಾಳಿನ ಉಪ್ಸಾರು, ಖಾರದ ಜೊತೆ. ಮೇಷ್ಟ್ರು ಎರಡನೇ ಮುದ್ದೆ ಬೇಡವೆಂದರು. ಬಡಿಸುತ್ತಿದ್ದವರು "ಬೆಳಗ್ಗಿಂದ ಏನೂ ತಿಂದಿಲ್ಲ ಸಾ" ಎಂದು ಹಾಕಿಯೇಬಿಟ್ಟರು. ಉಪವಾಸದ ದಿನ ಅವರು ತಿನ್ನುವಷ್ಟು ಉಳಿದ ದಿನ ತಿನ್ನುವುದಿಲ್ಲ.

ಶನಿವಾರ ಮನೆಯಲ್ಲಿ ಸದ್ದು ಮಾಡುವ ಹಾಗಿಲ್ಲ, ಮರುದಿನದ ಪ್ರಸಂಗದ ತಯಾರಿ. ಮೇಜಿನ ಮೇಲೆ ಸತ್ಯವೇದ, ವ್ಯಾಖ್ಯಾನಗಳು, ಪಕ್ಕದಲ್ಲಿ ಕಿಟೆಲ್ ನಿಘಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಮೊದಲು ಅಚ್ಚಾದ ಅದರ ಮರುಮುದ್ರಣ. ಜರ್ಮನಿಯಿಂದ ಬಂದ ಪಾದ್ರಿಯೊಬ್ಬರು ಪ್ರಸಂಗ ಮಾಡುವುದನ್ನು ಬಿಟ್ಟು ವರ್ಷಗಟ್ಟಲೆ ನಮ್ಮ ಮಾತುಗಳನ್ನು ಹೆಕ್ಕುತ್ತ ಕೂತದ್ದು ಅವರ ಮೇಲಿನವರಿಗೆ ಎಷ್ಟು ಕಿರಿಕಿರಿಯಾಗಿತ್ತೋ, ಮನೆಯಾಕೆಗೆ ಎಷ್ಟಾಗಿತ್ತೋ. ಆಯಮ್ಮನ ಮಾತನ್ನು ಯಾವ ನಿಘಂಟೂ ಹೆಕ್ಕಿಲ್ಲ. ನಮ್ಮ ಮನೆಯಲ್ಲಿ ಈ ವಾರ ಆ ಕೋಣೆಗೆ ಇನ್ನೊಬ್ಬ ಪಾಲುದಾರಳು. ಹರಾಜಿನ ಕೋಳಿಯನ್ನು ಕುಯ್ಯಲು ಮೇಷ್ಟ್ರಿಗೆ ಮನಸ್ಸಿಲ್ಲ, ಅರ್ಧ ಟಿಕೆಟ್ ಕೊಟ್ಟು ಕರೆತಂದ ಮೇಲೆ ಅತಿಥಿಯಂತೆ. ಅದು ಕಾಗದದ ಬುಟ್ಟಿಯಲ್ಲಿ, ಅವರು ಹರಿದು ಎಸೆದ ಪ್ರಸಂಗಗಳ ಮೇಲೆ ಕೂತುಕೊಳ್ಳುತ್ತದೆ. ಶನಿವಾರ ಮಧ್ಯಾಹ್ನ ಮೊಟ್ಟೆ ಇಟ್ಟಿತು. ಇಡೀ ವಾರದ ನಮ್ಮ ಓಡಾಟದಲ್ಲಿ ಕಣ್ಣಿಗೆ ಕಾಣುವ ಫಲ ಅಂತ ಬಂದದ್ದು ಅದೊಂದೇ. ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಬೇಯಿಸು" ಎಂದರು.

ಕೊನೆಗೊಂದು ಅರಿಕೆ. ಮನೆ ಮನೆಗೆ ಏನನ್ನೋ ಕೊಡಲು ಹೋಗುವವರು ನಾವು ಎಂದು ನೀವು ತಿಳಿದಿರಬಹುದು. ಪ್ರತಿ ಮನೆಯವರೂ ಬರಿಗೈಲಿ ಕಳಿಸುವುದಿಲ್ಲ. ನಮ್ಮ ಅಡುಗೆಮನೆಯ ಮೂಲೆಯಲ್ಲಿ ಈಗ ತೆಂಗಿನಕಾಯಿ ರಾಶಿ ಬಿದ್ದಿದೆ, ಅವರೆಕಾಯಿ ಚೀಲದಲ್ಲಿದೆ, ಅಚ್ಚುಬೆಲ್ಲ ಡಬ್ಬಿ ತುಂಬಿ ಪಾತ್ರೆಗೆ ಇಳಿದಿದೆ, ಕಬ್ಬಿನ ಜಲ್ಲೆ ಬಾಗಿಲ ಹಿಂದೆ ನಿಂತಿದೆ, ಸಕ್ಕರೆ ಅಚ್ಚಿನ ಆನೆ ನವಿಲುಗಳಿಗೆ ಲೆಕ್ಕವಿಲ್ಲ. ತಿನ್ನುವವರು ಇಬ್ಬರು, ಇಬ್ಬರಿಗೂ ಸಕ್ಕರೆ ಕಾಯಿಲೆ. ಮಂಡ್ಯದ ಕಡೆ ಬಂದವರು ದಯವಿಟ್ಟು ಹೆದ್ದಾರಿಯಿಂದ ಇಳಿದು ಮನೆಗೆ ಬನ್ನಿ, ಬೇಕಾದಷ್ಟು ತೆಗೆದುಕೊಂಡು ಹೋಗಿ. ದುಡ್ಡು ಬೇಡ, ಪ್ರಸಂಗವನ್ನೂ ಕೇಳಬೇಕಾಗಿಲ್ಲ. ಎಡಗೈಯ ಒಂದು ಬೆರಳು ಕೊಟ್ಟರೆ ಸಾಕು, ಚುಚ್ಚಿ ನೋಡಿ ಆಮೇಲೆ ಬೆಲ್ಲ ಕೊಡುತ್ತೇನೆ.